ಗುಡಿಯಿಂದ ನದಿಗೆ ಎಷ್ಟು ಸರಪಳಿ

ಬಾರಾನಗರ, ಕೋಲ್ಕತ್ತ
14 ಜೂನ್ 2024

ಓಂಕಾರಪ್ಪ ಸರ್ ಅವರಿಗೆ ಸುಭದ್ರಾಳ ನಮಸ್ಕಾರ.

ನಾವು ಇಲ್ಲಿಗೆ ಬಂದು ಹನ್ನೆರಡು ದಿನವಾಯಿತು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಬಾಯಿಮಾತಿಗೆ ದಾಖಲೆ ಇಲ್ಲ ಎಂದು ನೀವು ಫೋನೇ ಎತ್ತುವುದಿಲ್ಲವಲ್ಲ, ಅದಕ್ಕೇ ಸ್ಪೀಡ್ ಪೋಸ್ಟ್. ಇಲ್ಲಿನ ಅಂಚೆ ಕಚೇರಿಯಲ್ಲಿ 'ಹೊಸದುರ್ಗ' ಎಂಬ ಹೆಸರನ್ನು ಮೂರು ಸಲ ಓದಿಸಿಕೊಂಡರು.

ಶ್ರೀವತ್ಸ ಅವರಿಗೆ ಆಫೀಸು ಅಲಿಪುರದಲ್ಲಿ. ಬಾಡಿಗೆ ಕಡಿಮೆ, ಗಾಳಿ ಜಾಸ್ತಿ ಅಂತ ಈ ಉತ್ತರದ ತುದಿಯಲ್ಲಿ ಮನೆ ಮಾಡಿದ್ದಾರೆ. ಬೆಳಿಗ್ಗೆ ಎಂಟಕ್ಕೆ ಹೋದರೆ ಬರುವುದು ಸಂಜೆ ಏಳಕ್ಕೆ. ಅವರ ಸರ್ವೀಸು ಇನ್ನೆರಡು ವರ್ಷವಿದೆ. ಸರ್ವೇ ಇಲಾಖೆಯ ನನ್ನ ಇಪ್ಪತ್ತಾರು ವರ್ಷದ ಸರ್ವೀಸನ್ನು ನಾನೇ ಸ್ವಯಂ ನಿವೃತ್ತಿ ತೆಗೆದುಕೊಂಡು ಮುಗಿಸಿ ಬಂದಿದ್ದೇನೆ. ಹೊಸದುರ್ಗ ತಾಲ್ಲೂಕಿನಲ್ಲಿ ನನ್ನ ಜೀಪು ನಿಂತರೆ ಜಗಳ ಆಡುತ್ತಿದ್ದ ಅಣ್ಣತಮ್ಮಂದಿರು ಬಾಯಿ ಮುಚ್ಚುತ್ತಿದ್ದರು. ಇಲ್ಲಿ ನಾನು ಮಿಸೆಸ್ ಶ್ರೀವತ್ಸ, ತರಕಾರಿಯವನ ಬಳಿ ಹರುಕು ಹಿಂದಿಯಲ್ಲಿ ಚೌಕಾಸಿ ಮಾಡುವವಳು. ಬೇಜಾರಾಗುತ್ತದೆ ಸರ್, ನಿಮ್ಮ ಹತ್ತಿರ ಮುಚ್ಚಿಡುವುದೇನು.

ಅದಕ್ಕೆ ನಡೆಯುವುದೇ ಮದ್ದು ಎಂದು ಶುರು ಮಾಡಿದ್ದೇನೆ. ಹೆಸರಿಗೆ ಮಹಾನಗರದ ಅಂಚು. ಒಳಗೆ ಹೊಕ್ಕರೆ ನದಿ ದಂಡೆಯ ಸಣ್ಣ ಊರು. ಓಣಿಗಳು ಎಷ್ಟು ಕಿರಿದೆಂದರೆ ಎದುರಿನಿಂದ ಟೋಟೊ ಬಂದರೆ, ಅದು ಇಲ್ಲಿನ ಬ್ಯಾಟರಿ ರಿಕ್ಷಾ, ಯಾರದಾದರೂ ಹೊಸ್ತಿಲ ಮೇಲೆ ಹತ್ತಿ ನಿಲ್ಲಬೇಕು. ಯಾರೂ ಏನೂ ಅನ್ನುವುದಿಲ್ಲ. ಕುಠಿ ಘಾಟ್ ಎಂಬ ಸ್ನಾನಘಟ್ಟದಿಂದ ದೋಣಿ ಬೇಲೂರಿಗೆ ಹೋಗುತ್ತದೆ ಎಂಬ ಬೋರ್ಡು ನೋಡಿ ಒಂದು ಕ್ಷಣ ಎದೆ ಹಾರಿತು. ಇದು ಬೇರೆ ಬೇಲೂರು, ಆಚೆ ದಡದ್ದು. ಗೋಡೆಗೆ ಅಂಟಿಕೊಂಡ ಪುಟ್ಟ ಶಿವನ ಗುಡಿಗಳು ಹದಿನೇಳು ಸಿಕ್ಕಿವೆ, ಇನ್ನೂ ಎಣಿಸುತ್ತಿದ್ದೇನೆ. ನೀವು ಕಲಿಸಿದ ಹಾಗೆ ಹೆಜ್ಜೆ ಅಳತೆ ಬಿಟ್ಟಿಲ್ಲ: ನನ್ನ ಹದಿಮೂರು ಹೆಜ್ಜೆಗೆ ಒಂದು ಸರಪಳಿ, ಮೂವತ್ಮೂರು ಅಡಿ. ಕಾಲು ತಾನಾಗಿ ಎಣಿಸುತ್ತದೆ, ನಾನು ಸುಮ್ಮನೆ ಊರು ನೋಡುತ್ತೇನೆ.

ಈ ನದಿಯನ್ನು ಮಾತ್ರ ನಂಬಬೇಡಿ. ಬೆಳಿಗ್ಗೆ ದಕ್ಷಿಣಕ್ಕೆ ಹರಿಯುತ್ತಿದ್ದದ್ದು ಮಧ್ಯಾಹ್ನ ಉತ್ತರಕ್ಕೆ ಹರಿಯುತ್ತಿತ್ತು. ಸಮುದ್ರದ ಉಬ್ಬರ ಇಲ್ಲಿಯವರೆಗೂ ನೂಕುತ್ತದಂತೆ. ವೇದಾವತಿಯಲ್ಲಿ ನೀರು ಬಂದರೆ ಸಾಕು ಎನ್ನುವ ನಮ್ಮಂಥವರಿಗೆ ಇದು ತಮಾಷೆ.

ನಿಮ್ಮ ಸುಭದ್ರಾ

* * *

ಹೊಸದುರ್ಗ
1 ಜುಲೈ 2024

ಸುಭದ್ರಾಳಿಗೆ ಓಂಕಾರಪ್ಪನ ಆಶೀರ್ವಾದ.

ಉಲ್ಲೇಖ: ನಿನ್ನ ಪತ್ರ, ದಿನಾಂಕ 14-6-2024.

ಬೇಜಾರು ಎಂದು ಬರೆದಿದ್ದೀಯ. ಹತ್ತೊಂಬತ್ತು ನೂರ ತೊಂಬತ್ತೆಂಟರಲ್ಲಿ ನೀನು ಡ್ಯೂಟಿಗೆ ಬಂದ ಮೊದಲ ದಿನ ಆಫೀಸಿನಲ್ಲಿ ಯಾರೂ ನಿನಗೆ ಕುರ್ಚಿ ಕೊಡಲಿಲ್ಲ. ಹೆಣ್ಣುಮಗಳು ಸೀರೆ ಉಟ್ಟುಕೊಂಡು ಜಾಲಿಮುಳ್ಳಿನಲ್ಲಿ ಸರಪಳಿ ಎಳೆಯುತ್ತಾಳಾ ಎಂದು ನಕ್ಕರು. ನಾನೂ ನಕ್ಕೆ, ಅದನ್ನು ಆಗಲೇ ನಿನಗೆ ಹೇಳಿದ್ದೇನೆ. ಮೂರು ತಿಂಗಳಾದ ಮೇಲೆ ತಕರಾರಿನ ಜಮೀನಿದ್ದರೆ ಜನ 'ಆ ಸುಭದ್ರಮ್ಮನ್ನೇ ಕಳಿಸಿ' ಎಂದು ಅರ್ಜಿ ಕೊಡತೊಡಗಿದರು. ಅವಳಿಗೆ ಬಾರಾನಗರದಲ್ಲಿ ಬೇಜಾರಂತೆ.

ನಾನು ತಯಾರು ಮಾಡಿದವರಲ್ಲಿ ಹತ್ತೊಂಬತ್ತು ಜನ ಸರ್ವೇಯರ್‌ಗಳು ಈಗಲೂ ಡ್ಯೂಟಿಯಲ್ಲಿದ್ದಾರೆ. ನೀನು ಅಳೆದದ್ದನ್ನು ಮಾತ್ರ ನಾನು ಎರಡನೇ ಸಲ ಅಳೆಸಿದ್ದಿಲ್ಲ. ಇದನ್ನು ನಿನಗೆ ಹೇಳಿರಲಿಲ್ಲ, ತಲೆಗೆ ಏರೀತು ಎಂದು. ಈಗ ನಿವೃತ್ತಿ ಆಗಿದೆ, ಏರಲಿ.

ಆ ಊರಿನ ಕೈನಕ್ಷೆ ಒಂದನ್ನು ಮಾಡಿ ಕಳಿಸು. ಪ್ರತಿ ತಿಂಗಳ ಮೊದಲ ಭಾನುವಾರ ನಾವು ನಿವೃತ್ತ ಸರ್ವೇಯವರು ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಸೇರುತ್ತೇವೆ. ಮಾದಪ್ಪ, ದೊಡ್ಡಯ್ಯ ಎಲ್ಲ ಇರುತ್ತಾರೆ. ಅಲ್ಲಿ ಇಡುತ್ತೇನೆ. ಅವರವರ ಮೊಮ್ಮಕ್ಕಳ ಫೋಟೋ ನೋಡಿ ನೋಡಿ ಸಾಕಾಗಿದೆ.

ಓಂಕಾರಪ್ಪ

* * *

ಬಾರಾನಗರ
22 ಜುಲೈ 2024

ಸರ್, ನಮಸ್ಕಾರ.

ಕೇಳಿ. ನಿಮ್ಮ ಸುಭದ್ರಾ ಇಲ್ಲಿಯೂ ಸರ್ವೇಯರ್ ಆದಳು!

ನಮ್ಮ ಮನೆಯ ಪಕ್ಕದಲ್ಲೇ ಒಂದು ಶಿವನ ಗುಡಿ. ಗುಡಿಯ ಮುಂದಿನಿಂದ ಒಂದು ಓಣಿ ನದಿಯ ಕಡೆಗೆ ಇಳಿಯುತ್ತದೆ, ಆದರೆ ನದಿ ಮುಟ್ಟುವುದಿಲ್ಲ. ಅರ್ಧ ದಾರಿಯಲ್ಲಿ ತಗಡಿನ ಬೇಲಿ. ಯಾವನೋ ಬಿಲ್ಡರ್ ಅದರಾಚೆಯ ಜಾಗ ಕೊಂಡು ಈ ಮಾರ್ಚಿನಲ್ಲಿ ಹಾಕಿದ್ದು. ನಮ್ಮ ಮನೆಯ ಯಜಮಾನಿ ಕೋಕಿಲಾ ದೀದಿ ಎಪ್ಪತ್ತು ದಾಟಿದ ವಿಧವೆ. ದಿನಾ ಬೆಳಿಗ್ಗೆ ಗಂಗೆಯಲ್ಲಿ ಮುಳುಗಿ ಬರದೆ ಚಹಾ ಕುಡಿಯುವವರಲ್ಲ. ಈಗ ದೊಡ್ಡ ರಸ್ತೆ ಸುತ್ತಿ ಬೇರೆ ಘಾಟಿಗೆ ಹೋಗಬೇಕು, ನನ್ನ ನಡಿಗೆಗೇ ಇಪ್ಪತ್ತು ನಿಮಿಷ. ಪಾಡಾದ ಜನ, ಅಂದರೆ ನಮ್ಮ ಕೇರಿಯವರೆಲ್ಲ, ಓಣಿ ನೀರಿನವರೆಗೂ ನಮ್ಮದೇ ಎನ್ನುತ್ತಾರೆ. ಬಿಲ್ಡರ್ ಓಣಿ ಇರುವುದು ಇಷ್ಟೇ ಎನ್ನುತ್ತಾನೆ.

ನಾನು ಸರ್ವೇ ಇಲಾಖೆಯಲ್ಲಿದ್ದೆ ಎಂದು ಶ್ರೀವತ್ಸ ಎಲ್ಲೋ ಬಾಯಿ ಬಿಟ್ಟಿದ್ದಾರೆ. ಕಳೆದ ಭಾನುವಾರ ಪಾಡಾದ ಕ್ಲಬ್ಬಿಗೆ ಕರೆದರು. ಕೇರಂ ಬೋರ್ಡಿನ ಮೇಲೆ ಹಳೆಯ ನಕಾಶೆಯ ಜೆರಾಕ್ಸ್ ಹಾಸಿದರು. ಅಕ್ಷರವೆಲ್ಲ ಬಂಗಾಳಿ, ಆದರೆ ಗೆರೆಗೆ ಭಾಷೆ ಬೇಕಾ ಸರ್? ಗುಡಿ ಇದೆ, ಓಣಿ ಇದೆ, ಓಣಿಯ ತುದಿಗೆ ನದಿ ಇದೆ. ಜೆರಾಕ್ಸಿನಲ್ಲಿ ಕುಗ್ಗಿರುತ್ತದೆಂದು ಕೆಳಗಿನ ಅಳತೆಪಟ್ಟಿಯನ್ನೇ ಹಿಡಿದೆ. ಅದರ ಮೇಲೆ ಮಾತ್ರ ಇಂಗ್ಲಿಷಿನಲ್ಲಿ ಒಂದು ಚೈನು, ಎರಡು ಚೈನು ಎಂದು ಗುರುತಿತ್ತು. ದಾರದಲ್ಲಿ ಅಳೆದರೆ ಗುಡಿಯಿಂದ ನದಿಗೆ ಐದು ಸರಪಳಿ. ಅಂದರೆ ನನ್ನ ಅರವತ್ತೈದು ಹೆಜ್ಜೆ. ನಲವತ್ತು ಜನರನ್ನು ಬೆನ್ನಿಗೆ ಕಟ್ಟಿಕೊಂಡು ನಡೆದೆ. ಅರವತ್ತೈದಕ್ಕೆ ನಿಂತೆ. ತಗಡಿನ ಬೇಲಿ ಇನ್ನೂ ಆರು ಹೆಜ್ಜೆ ಮುಂದಿತ್ತು.

ಹಾಗಾದರೆ ಬೇಲಿಯ ಆಚೆಯ ನೆಲ ಎಲ್ಲಿಂದ ಬಂತು? ಯಾರಿಗೂ ಹೊಳೆಯಲಿಲ್ಲ, ನನಗೆ ಹೊಳೆಯಿತು. ನಕಾಶೆ ಮಾಡಿದ ಕಾಲದಲ್ಲಿ ನದಿ ಇಲ್ಲಿಯವರೆಗೂ ಇತ್ತು, ಆಮೇಲೆ ಹಿಂದೆ ಸರಿದು ಹೊಸ ನೆಲ ಬಿಟ್ಟಿದೆ. ದಿನಕ್ಕೆರಡು ಸಲ ದಿಕ್ಕು ಬದಲಿಸುವ ನದಿಗೆ ಇದೇನು ಮಹಾ! ಜನ ಖಾಲಿ ನೆಲದಲ್ಲಿ ಓಡಾಡಿದ್ದಾರೆ, ಯಾರೂ ಬೇಡ ಅನ್ನಲಿಲ್ಲ, ಅಷ್ಟಕ್ಕೇ ಅದು ಓಣಿ ಆಗುವುದಿಲ್ಲ ಎಂದು ಹಿಂದಿಯಲ್ಲಿ ಹೇಳಿದೆ. ಹರುಕು ಹಿಂದಿಯಾದರೂ ಎಲ್ಲರೂ ಸುಮ್ಮನೆ ನಿಂತು ಕೇಳಿದರು. ಎಷ್ಟು ದಿನವಾಗಿತ್ತು ಸರ್, ಜನ ನನ್ನ ಮುಂದೆ ಹಾಗೆ ನಿಂತು. ಬಿಲ್ಡರ್ ಕಡೆಯವನು ಬರೆದು ಕೊಡಿ ಎಂದ. ಬರೆದು ಕೊಟ್ಟೆ, ಕನ್ನಡದಲ್ಲೇ ಸಹಿ ಹಾಕಿದೆ.

ನಕಾಶೆಯ ಪ್ರತಿ ಮತ್ತು ನನ್ನ ಕೈನಕ್ಷೆ ಇದರ ಜೊತೆಗಿದೆ. ರೂಢಿಯಂತೆ ತಪಾಸಣೆ ಮಾಡಿ.

ಸುಭದ್ರಾ

* * *

ಹೊಸದುರ್ಗ
8 ಆಗಸ್ಟ್ 2024

ಸುಭದ್ರಾಳಿಗೆ ಆಶೀರ್ವಾದ.

ಉಲ್ಲೇಖ: ನಿನ್ನ ಪತ್ರ 22-7-2024 ಮತ್ತು ಲಗತ್ತಿಸಿದ ನಕ್ಷೆ.

ಪರಿಶೀಲಿಸಿದೆ. ದಾರ ಹಿಡಿದು ನಾನೂ ಅಳೆದೆ, ಐದು ಸರಪಳಿಯೇ. ನೂರ ಅರವತ್ತೈದು ಅಡಿ. ನಿನ್ನ ತೀರ್ಮಾನ ಸರಿಯಿದೆ. 'ತಪಾಸಣೆ ಮಾಡಿದೆ' ಎಂದು ಬರೆದು, ಸಹಿ ಹಾಕಿ, ಹಳೆಯ ಸೀಲನ್ನೂ ಹೊಡೆದಿದ್ದೇನೆ. ಸೀಲು ಉಪಯೋಗಿಸುವ ಅಧಿಕಾರ ನನಗೀಗ ಇಲ್ಲ, ಆದರೂ ಹೊಡೆದೆ.

ನಾಲ್ಕನೇ ತಾರೀಖಿನ ಭಾನುವಾರ ಹೋಟೆಲಿನಲ್ಲಿ ನಿನ್ನ ಪತ್ರವನ್ನು ನಿಂತು ಓದಿದೆ. ನದಿ ಸರಿದ ವಿಚಾರಕ್ಕೆ ಬಂದಾಗ ಮಾದಪ್ಪ ದೋಸೆ ತಿನ್ನುವುದನ್ನು ಬಿಟ್ಟ. ಭಾಷೆ ಬಾರದ ಊರಿಗೆ ಹೋಗಿ ಐವತ್ತು ದಿನದಲ್ಲಿ ಆ ಊರಿನವರಿಗೇ ಅವರ ಊರಿನ ನೆಲ ತೋರಿಸಿಕೊಟ್ಟಳು ಎಂದೆ. ಹೋಟೆಲಿನ ಮಾಲೀಕ ಆ ದಿನದ ಕಾಫಿಗೆ ಬಿಲ್ಲು ಹಾಕಲಿಲ್ಲ. ಮಗಳೇ, ಮೂವತ್ತನಾಲ್ಕು ವರ್ಷ ಸಂಬಳಕ್ಕೆ ಕೆಲಸ ಮಾಡಿದೆ, ಅದು ಸಾರ್ಥಕವಾಯಿತು ಎನ್ನಿಸಿದ್ದು ಅವತ್ತು.

ಮುಂದೇನಾಯಿತು ಬರೆ.

ಓಂಕಾರಪ್ಪ

* * *

ಬಾರಾನಗರ
20 ಆಗಸ್ಟ್ 2024

ಸರ್, ನಮಸ್ಕಾರ.

ಪತ್ರ ತಲುಪಿತು. ನಿಮ್ಮ ಸಹಿ, ಸೀಲು ನೋಡಿ ಸಂತೋಷವಾಯಿತು.

ಇಲ್ಲಿ ಮಳೆ ಜೋರು. ಶ್ರೀವತ್ಸ ಅವರಿಗೆ ಬಿ.ಪಿ. ಸ್ವಲ್ಪ ಏರಿದೆ, ಮಾತ್ರೆ ಬದಲಿಸಿದ್ದಾರೆ. ನನಗೆ ಮಂಡಿನೋವು, ನಡೆಯುವುದು ಕಡಿಮೆ ಮಾಡಿದ್ದೇನೆ. ಓಣಿಯ ವಿಷಯ ಪುರಸಭೆಯ ಮುಂದಿದೆ, ವಿಚಾರಣೆಗೆ ಇನ್ನೂ ಸಮಯವಿದೆ. ಹೆಚ್ಚೇನಿಲ್ಲ.

ಸುಭದ್ರಾ

* * *

ಹೊಸದುರ್ಗ
10 ಸೆಪ್ಟೆಂಬರ್ 2024

ಸುಭದ್ರಾಳಿಗೆ ಆಶೀರ್ವಾದ.

ಉಲ್ಲೇಖ: ನಿನ್ನ ಪತ್ರ 20-8-2024, ಒಟ್ಟು ಎಂಟು ಸಾಲು.

ದೊಡ್ಡ ಊರಿನಲ್ಲಿ ಹೆಸರು ಬಂದ ಮೇಲೆ ಹಳಬರಿಗೆ ಎಂಟು ಸಾಲು ಸಾಕು ಎಂದುಕೊಂಡೆಯೋ ಏನೋ. ಒಂದನೇ ತಾರೀಖಿನ ಸಭೆಯಲ್ಲಿ ಎಲ್ಲರೂ ನಿನ್ನ ಓಣಿ ಏನಾಯಿತು ಎಂದು ಕೇಳಿದರು. ಮಂಡಿನೋವು ಎಂದೆ. ನಕ್ಕರು.

ವಿಚಾರಣೆ ಯಾವತ್ತು? ಆ ನಕಾಶೆಯ ವಿಷಯದಲ್ಲಿ ಹೊಸದೇನಾದರೂ ನಿನಗೆ ತಿಳಿಯಿತೇ? ತಿಳಿದಿದ್ದರೆ ಬರೆ. ತಿಳಿದಿಲ್ಲದಿದ್ದರೂ ಬರೆ.

ಓಂಕಾರಪ್ಪ

* * *

ಬಾರಾನಗರ
24 ಸೆಪ್ಟೆಂಬರ್ 2024

ಸರ್,

ನನಗೆ ಮಂಡಿನೋವು ಇರಲಿಲ್ಲ. ಸುಳ್ಳು ಬರೆದೆ.

ನಾನು ತೀರ್ಪು ಕೊಟ್ಟ ಮಾರನೇ ದಿನದಿಂದ ಕೋಕಿಲಾ ದೀದಿ ನನ್ನ ಜೊತೆ ಮಾತು ಬಿಟ್ಟರು. ಬಾಡಿಗೆದಾರರನ್ನು ಬಿಡಿಸುವ ಮಾತಲ್ಲ, ಜಗಳವೂ ಅಲ್ಲ. ದಿನಾ ಸಂಜೆ ಬಟ್ಟಲಲ್ಲಿ ಏನಾದರೂ ಕಳಿಸುತ್ತಿದ್ದರು, ಅದು ನಿಂತಿತು. ಮೂರನೇ ವಾರ ಮೆಟ್ಟಿಲ ಮೇಲೆ ಎದುರಾದಾಗ ಒಂದೇ ಮಾತು ಕೇಳಿದರು. ಅರ್ಧ ಬಂಗಾಳಿ, ಅರ್ಧ ಹಿಂದಿ. ಕನ್ನಡದಲ್ಲಿ ಬರೆಯುತ್ತೇನೆ: "ಮದುವೆಯಾಗಿ ಬಂದ ದಿನದಿಂದ ಐವತ್ತೊಂದು ವರ್ಷ ಆ ದಾರೀಲಿ ನಡೆದಿದ್ದೀನಿ. ನಿನ್ನ ಕಾಗದದಲ್ಲಿ ಅದು ಇಲ್ಲವಾ?"

ಕಾಗದದಲ್ಲಿ ಇಲ್ಲ ಎಂದೆ ಸರ್. ಗಟ್ಟಿಯಾಗಿಯೇ ಹೇಳಿದೆ. ಮನೆಗೆ ಬಂದು ಊಟ ಸೇರಲಿಲ್ಲ.

ನೀವು ಸೀಲು ಹೊಡೆದು ಕಳಿಸಿದ ನಕ್ಷೆ ಆಗಸ್ಟ್ ಹದಿನಾರನೇ ತಾರೀಖು ಕೈಗೆ ಬಂತು. ಅದನ್ನು ಹಿಡಿದುಕೊಂಡೇ ಹೊರಟೆ, ಮನಸ್ಸಿಗೆ ಸಮಾಧಾನವಾಗಲೆಂದು. ನಮ್ಮ ಗುಡಿಯಿಂದ ಉತ್ತರಕ್ಕೆ ಜೋಡಿ ಗುಡಿ ಇದೆ, ಎರಡೂ ಹಳೆಯ ನಕಾಶೆಯಲ್ಲಿವೆ, ಎರಡೂ ಇವತ್ತಿಗೂ ನಿಂತಿವೆ. ನಮ್ಮ ಗುಡಿಗೂ ಜೋಡಿ ಗುಡಿಗೂ ನಡುವಿನ ದೂರ ಅಳತೆಪಟ್ಟಿಯ ಪ್ರಕಾರ ಏಳು ಸರಪಳಿ. ತೊಂಬತ್ತೊಂದು ಹೆಜ್ಜೆ ಆಗಬೇಕು. ನೂರ ಎಂಬತ್ತೆರಡಾಯಿತು. ಎಣಿಕೆ ತಪ್ಪಿತೆಂದು ವಾಪಸ್ ನಡೆದೆ. ನೂರ ಎಂಬತ್ತೊಂದು. ಮೂರನೇ ಸಲ ಮತ್ತೆ ನೂರ ಎಂಬತ್ತೆರಡು. ವಯಸ್ಸಿಗೆ ಹೆಜ್ಜೆ ಕಿರಿದಾಗುತ್ತದೆ, ಸರಿ, ಅರ್ಧಕ್ಕರ್ಧ ಕಿರಿದಾಗುತ್ತದಾ? ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ನದಿ ಹಿಂದೆ ಸರಿದಿರಬಹುದು ಸರ್, ಗುಡಿ ಸರಿಯುತ್ತದಾ?

ಆ ಸಂಜೆ ಕ್ಲಬ್ಬಿನ ಕಾರ್ಯದರ್ಶಿಯ ಮೂಲಕ ಪುರಸಭೆಯ ಒಬ್ಬ ಹಳೆಯ ಡ್ರಾಫ್ಟ್ಸ್‌ಮನ್‌ನನ್ನು ಹಿಡಿದೆ. ನಿಮ್ಮ ಚೈನಿಗೆ ಎಷ್ಟು ಅಡಿ ಎಂದು ಕೇಳಿದರೆ ಅವರು ಗಾಬರಿಯಿಂದ ನನ್ನನ್ನೇ ನೋಡಿದರು. ಬಂಗಾಳದ ನಕಾಶೆಯಲ್ಲಿ ಒಂದು ಚೈನು ಎಂದರೆ ಅರವತ್ತಾರು ಅಡಿ. ನಮ್ಮದರ ಎರಡರಷ್ಟು. ಮೂವತ್ಮೂರು ಅಡಿಯ ಸರಪಳಿ ಅವರು ಕಂಡೇ ಇಲ್ಲವಂತೆ, ನಾನು ಅವರದನ್ನು ಕಾಣದ ಹಾಗೆ. ಓಣಿ ನೂರ ಅರವತ್ತೈದು ಅಡಿ ಅಲ್ಲ, ಮುನ್ನೂರ ಮೂವತ್ತು. ನದಿ ಎಲ್ಲಿಗೂ ಸರಿದಿರಲಿಲ್ಲ.

ಇಪ್ಪತ್ತಾರು ವರ್ಷ ಯಾವ ಊರಿಗೆ ಹೋದರೂ ಮೊದಲು ಎರಡು ಬಾಂದುಕಲ್ಲು ಹುಡುಕಿ, ಅವುಗಳ ನಡುವೆ ಅಳೆದು ನೋಡಿ, ಆಮೇಲೆ ತಾನೇ ನಾವು ಬಾಯಿ ಬಿಡುತ್ತಿದ್ದದ್ದು? ಅವತ್ತು ನಲವತ್ತು ಜನ ನೋಡುತ್ತಿದ್ದರು. ನಿಂತು ಇನ್ನೊಂದು ಗುಡಿ ಹುಡುಕಿದರೆ ನನಗೆ ಗೊತ್ತಿಲ್ಲ ಎಂದುಕೊಂಡಾರು ಅನ್ನಿಸಿತು. ಅಷ್ಟೇ ಕಾರಣ. ಬೇರೆ ಕಾರಣ ಹುಡುಕಿದೆ, ಸಿಗಲಿಲ್ಲ.

ಇದು ಗೊತ್ತಾಗಿ ನಾಲ್ಕು ದಿನಕ್ಕೆ ನಿಮಗೆ ಆ ಎಂಟು ಸಾಲು ಬರೆದದ್ದು. ನೀವು ಸೀಲು ಹೊಡೆದಿದ್ದಿರಿ, ಹೋಟೆಲಿನಲ್ಲಿ ನಿಂತು ಓದಿದ್ದಿರಿ, ಸಾರ್ಥಕವಾಯಿತು ಎಂದು ಬರೆದಿದ್ದಿರಿ. ಅದನ್ನು ಕಿತ್ತುಕೊಳ್ಳುವ ಕೈ ನನಗೆ ಬರಲಿಲ್ಲ. ನಿಮ್ಮ ಸಹಿ ಕೂಡ ನನ್ನ ತಪ್ಪಿನ ಕೆಳಗೆ ಬಿದ್ದಿತಲ್ಲ ಸರ್.

ಇಷ್ಟರಲ್ಲಿ ಬಿಲ್ಡರ್ ನನ್ನ ಕಾಗದವನ್ನು ಪುರಸಭೆಗೆ ಸಲ್ಲಿಸಿದ್ದ. ಪಾಡಾದವರ ಅರ್ಜಿ ಬಿದ್ದುಹೋಗಲು ಅದೊಂದೇ ಸಾಕಿತ್ತು. ಸುಮ್ಮನಿದ್ದುಬಿಡು, ಇನ್ನೆರಡು ವರ್ಷದಲ್ಲಿ ಊರು ಬಿಡುತ್ತೇವೆ ಎಂದರು ಶ್ರೀವತ್ಸ. ಒಂದು ರಾತ್ರಿ ನನಗೂ ಹಾಗೇ ಅನ್ನಿಸಿತ್ತು. ಆದರೆ ಬೆಳಿಗ್ಗೆ ಐದಕ್ಕೆ ಕೋಕಿಲಾ ದೀದಿ ಬದಲಿ ಸೀರೆಯ ಚೀಲ ಹಿಡಿದು ದೊಡ್ಡ ರಸ್ತೆಯ ಕಡೆಗೆ ಹೋಗುವುದು ಕಿಟಕಿಯಿಂದ ಕಾಣುತ್ತದೆ. ದಿನಾ ಕಾಣುತ್ತದೆ.

ವಿಚಾರಣೆ ಈ ತಿಂಗಳ ಹತ್ತೊಂಬತ್ತಕ್ಕೆ ಇತ್ತು. ಬಿಲ್ಡರ್ ಕಡೆಯವರು ನನ್ನನ್ನು ತಮ್ಮ ಸಾಕ್ಷಿ ಎಂದುಕೊಂಡು ಮುಂದಿನ ಕುರ್ಚಿ ಕೊಟ್ಟಿದ್ದರು. ನಾನು ನಿಂತೆ. ಹಿಂದಿಯಲ್ಲಿ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ, ಅಲ್ಲಿ ಎಲ್ಲ ಮರೆತುಹೋಯಿತು. ಇಷ್ಟು ಹೇಳಿದೆ: "ಆ ಕಾಗದದ ಅಳತೆ ತಪ್ಪು. ನಕಾಶೆ ಸರಿಯಿದೆ, ಇವರು ಹೇಳೋದು ಸರಿಯಿದೆ, ತಪ್ಪಿರೋದು ನಾನು." ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಬಿಲ್ಡರ್ ಕಡೆಯ ವಕೀಲ ನಾನು ದುಡ್ಡು ತೆಗೆದುಕೊಂಡು ಮಾತು ಬದಲಿಸಿದೆ ಎಂದ. ನಾನು ವಿಚಾರಣೆಯ ಅಧಿಕಾರಿಯ ಕಡೆಗೆ ತಿರುಗಿದೆ. ಜೋಡಿ ಗುಡಿಯಿಂದ ನಮ್ಮ ಗುಡಿಗೆ ಈಗಲೇ ಟೇಪು ಹಿಡಿಸಿ, ನಾನೂ ಬರುತ್ತೇನೆ ಎಂದೆ.

ಹಿಡಿಸಿದರು. ನಾನೂರ ಅರವತ್ತೊಂದು ಅಡಿ. ನನ್ನ ಹೆಜ್ಜೆ ಒಂದಡಿಯೂ ಸುಳ್ಳು ಹೇಳಿರಲಿಲ್ಲ ಸರ್, ಸುಳ್ಳು ಹೇಳಿದ್ದು ನಾನು. ಆಮೇಲೆ ಓಣಿ ಅಳೆದರು. ಬೇಲಿ ದಾಟಿ, ಬಿಲ್ಡರ್ ರಾಶಿ ಹಾಕಿದ್ದ ಮರಳು, ಇಟ್ಟಿಗೆಚೂರು ದಾಟಿ ಮುನ್ನೂರ ಇಪ್ಪತ್ತೆಂಟಕ್ಕೆ ಟೇಪು ನಿಂತಿತು. ಅಲ್ಲಿ ಕೆರೆದು ನೋಡಿದರೆ ಘಾಟಿನ ಮೊದಲ ಮೆಟ್ಟಿಲು. ಓಣಿಯ ಅಗಲದಷ್ಟು ಬೇಲಿ ತೆಗೆಯಲು ಆದೇಶವಾಯಿತು. ನಿನ್ನೆ ತೆಗೆದರು.

ಇವತ್ತು ಬೆಳಿಗ್ಗೆ ಐದಕ್ಕೆ ನಮ್ಮ ಬಾಗಿಲು ಬಡಿದ ಸದ್ದು. ತೆಗೆದರೆ ಕೋಕಿಲಾ ದೀದಿ. ಬಾ ಎಂದು ಕೈ ಮಾಡಿದರು. ಇಬ್ಬರೂ ಇಳಿದು ಹೋದೆವು. ನನಗೆ ಈಜು ಬಾರದು, ಅವರ ತೋಳು ಹಿಡಿದುಕೊಂಡು ಎದೆಮಟ್ಟ ನೀರಿನಲ್ಲಿ ಮೂರು ಮುಳುಗು ಹಾಕಿದೆ. ಕೆಸರು ನೀರು, ತಣ್ಣಗಿತ್ತು.

ನಿಮ್ಮ ಸಹಿಗೆ ಮಸಿ ಬಳಿದೆ. ಅದಕ್ಕೆ ಕ್ಷಮೆ ಕೇಳುವುದು ಹೇಗೆಂದು ನನಗೆ ಗೊತ್ತಿಲ್ಲ. ಸಭೆಯವರಿಗೆ ಹೇಳುವುದು, ಬಿಡುವುದು ನಿಮಗೆ ಬಿಟ್ಟದ್ದು.

ಸುಭದ್ರಾ

* * *

ಹೊಸದುರ್ಗ
8 ಅಕ್ಟೋಬರ್ 2024

ಮಗಳೇ ಸುಭದ್ರಾ,

ಈ ಪತ್ರಕ್ಕೆ ಉಲ್ಲೇಖ ಹಾಕುವುದಿಲ್ಲ.

ನನಗೆ ಗೊತ್ತಿತ್ತು. ಆಗಸ್ಟ್ ಕೊನೆಯ ವಾರ ಅಟ್ಟದ ಟ್ರಂಕಿನಲ್ಲಿ ನನ್ನ ತರಬೇತಿಯ ನೋಟುಪುಸ್ತಕ ಹುಡುಕಿ ತೆಗೆದೆ. ನಿನ್ನ ಬಗ್ಗೆ ಸಭೆಯಲ್ಲಿ ಇನ್ನಷ್ಟು ಕೊಚ್ಚಿಕೊಳ್ಳಲು ಏನಾದರೂ ಸಿಕ್ಕೀತೆಂದು. ಎರಡನೇ ಪುಟದಲ್ಲಿ ನನ್ನದೇ ಕೈಬರಹ: ಬೇರೆ ಪ್ರಾಂತಗಳಲ್ಲಿ ಸರಪಳಿ ಅರವತ್ತಾರು ಅಡಿ, ಗಮನಿಸುವುದು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಬರೆದುಕೊಂಡು, ಪರೀಕ್ಷೆ ಪಾಸಾಗಿ, ಮರೆತಿದ್ದೆ.

ಆ ದಿನವೇ ನಿನಗೆ ತಂತಿಯ ಹಾಗೆ ಎರಡು ಸಾಲು ಬರೆದು ಹಾಕಬೇಕಿತ್ತು. ಮೂರು ಸಲ ಬರೆದೆ, ಮೂರು ಸಲ ಹರಿದೆ. ಸೀಲು ಹೊಡೆದವನು ನಾನು. ಕಾಫಿ ಕುಡಿಸಿಕೊಂಡವನು ನಾನು. ನೀನಾಗಿ ಕಂಡುಕೊಂಡಿದ್ದರೆ ನಾನು ಹೇಳುವುದು ತಪ್ಪುತ್ತದೆ ಎಂದು, ಹೊಸದೇನಾದರೂ ತಿಳಿಯಿತೇ ಎಂದು ಕಳ್ಳನ ಹಾಗೆ ಕೇಳಿ ಬರೆದೆ. ಹೆಸರು ಬಂತೆಂದು ಹಳಬರನ್ನು ಮರೆತೆಯಾ ಎಂದು ಮೇಲಿಂದ ಕುಟುಕಿದೆ. ನಿನ್ನ ಎಂಟು ಸಾಲಿನಲ್ಲಿ ನೀನು ಮುಚ್ಚಿಟ್ಟದ್ದು ನನ್ನನ್ನು ಎಂದು ನನಗೆ ತಿಳಿಯಲಿಲ್ಲ. ಇದಕ್ಕೆ ಕ್ಷಮೆ ಕೇಳಬೇಕಾದವನು ನಾನು. ಕೇಳುತ್ತಿದ್ದೇನೆ.

ನಿನ್ನ ಪತ್ರ ಮೂವತ್ತಕ್ಕೆ ಬಂತು. ಆರು ದಿನ ಜೇಬಿನಲ್ಲೇ ಇಟ್ಟುಕೊಂಡು ತಿರುಗಿದೆ. ಆರನೇ ತಾರೀಖು ಭಾನುವಾರ ಹೋಟೆಲಿಗೆ ಹೋದೆ. ಹದಿನಾಲ್ಕು ಜನ ಇದ್ದರು. ಓದಲು ಎದ್ದೆ. ಗುಡಿ ಸರಿಯುತ್ತದಾ ಎನ್ನುವಲ್ಲಿಗೆ ಬಂದಾಗ ನಿಲ್ಲಿಸಿ, ನೀರು ಕುಡಿದು ಮುಂದುವರಿಸಿದೆ. ನೀನು ವಿಚಾರಣೆಯಲ್ಲಿ ಹೇಳಿದ ಮಾತನ್ನು ಎರಡು ಸಲ ಓದಿದೆ. ಮೆಟ್ಟಿಲು ಸಿಕ್ಕಿದಾಗ ಮಾದಪ್ಪ ಮೇಜು ಕುಟ್ಟಿದ. ನಿನ್ನ ಕೊನೆಯ ಸಾಲುಗಳನ್ನು ಮಾತ್ರ ಓದಲಿಲ್ಲ, ಅವು ನನಗೆ ಬರೆದದ್ದು.

ಆಮೇಲೆ ದೊಡ್ಡಯ್ಯ, ನಮ್ಮಲ್ಲಿ ಎಲ್ಲರಿಗಿಂತ ಕಿರಿಯ, ಅಭ್ಯಾಸಬಲದಿಂದ ಕೇಳಿಬಿಟ್ಟ: "ಇದನ್ನ ತಪಾಸಣೆ ಮಾಡಿದ ಸೂಪರ್‌ವೈಸರ್ ಯಾರ್ರೀ?"

ಕೇಳಿದ ಮೇಲೆ ಅವನಿಗೆ ನೆನಪಾಯಿತು. ಆಗಸ್ಟಿನಲ್ಲಿ ನನ್ನ ಸೀಲನ್ನು ಎಲ್ಲರೂ ನೋಡಿದ್ದರು. ಎಲ್ಲರೂ ಲೋಟದೊಳಗೆ ನೋಡತೊಡಗಿದರು. ಮೂವತ್ತನಾಲ್ಕು ವರ್ಷದಲ್ಲಿ ಈ ಪ್ರಶ್ನೆಯನ್ನು ನಾನು ಎಷ್ಟೋ ಜನರಿಗೆ ಕೇಳಿದ್ದೇನೆ, ನನಗೆ ಯಾರೂ ಕೇಳಿರಲಿಲ್ಲ. ನಾನಿನ್ನೂ ಕುಳಿತಿರಲಿಲ್ಲ, ಹಾಗಾಗಿ ಏಳುವ ಕೆಲಸ ಇರಲಿಲ್ಲ.

"ನಾನೇ ಕಣಯ್ಯ," ಎಂದೆ. "ತಪ್ಪು ಹಿಡಿದೋಳು ನನ್ನ ಸುಭದ್ರಾ."

ಓಂಕಾರಪ್ಪ